ನಲವತ್ತು ಚೀಲದ ಟಾಕಿ

ಉಳವಪ್ಪನ ತಲೆ ಕೆಟ್ಟದ್ದು ಶಿರಹಟ್ಟಿಯಲ್ಲಿ, ಬೀಗರ ಮನೆಯ ನಿಶ್ಚಯದ ಊಟದಲ್ಲಿ, ಎರಡನೆಯ ಸಲ ಮಾದಲಿ ಬಡಿಸುವ ಹೊತ್ತಿಗೆ. ಅಲ್ಲಿಯವರೆಗೆ ಅವನು ಅಡರಕಟ್ಟಿಯ ಒಬ್ಬ ಮರ್ಯಾದಸ್ಥ ರೈತನಾಗಿದ್ದ. ಹದಿನಾಲ್ಕು ಎಕರೆ ಎರಿ ಹೊಲ, ಒಂದು ಟ್ರ್ಯಾಕ್ಟರು, ಯಾರ ತಂಟೆಗೂ ಹೋಗದ ಸ್ವಭಾವ. ಆ ದಿನ ಅವನ ದುರ್ದೈವ, ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವನು ಹೆಂಡತಿಯ ತಮ್ಮ ಪ್ರಭುಲಿಂಗ. ಗದಗಿನಿಂದ ಮುಂಡರಗಿಗೆ ಹೋಗುವ ರಸ್ತೆಯಲ್ಲಿ ಪ್ರಭುಲಿಂಗನ ಪೆಟ್ರೋಲ್ ಬಂಕಿದೆ.

"ನಿಮಗೇನ ಗೊತ್ತು ಮಾವಾರ," ಎಂದ ಪ್ರಭುಲಿಂಗ, ಮಾದಲಿಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ. "ನೆಲದಾಗ ಟಾಕಿ ಇಟ್ಟವನ ಪಾಡು ನಾಯಿಗೂ ಬ್ಯಾಡ. ಮುಂಜಾನೆ ಎದ್ದು ಕೋಲು ಇಳಿಸಿ ಅಳೀಬೇಕು, ಬುಕ್ಕಿನ್ಯಾಗ ಬರೀಬೇಕು, ಎಲ್ಲಿ ಸೋರಾಕತ್ತೈತಿ ಅಂತ ಕಣ್ಣಾಗ ಎಣ್ಣಿ ಬಿಟಗೊಂಡು ನೋಡಬೇಕು. ಈಗ ಹೊಸಾದೊಂದು ಬಂದೈತಿ. ನೆಲದಾಗ ಇಂಧನ ಇಟ್ಟವರೆಲ್ಲಾ ತಿಂಗಳೊಳಗ ಆನ್‌ಲೈನಿನ್ಯಾಗ ಬರಸಬೇಕಂತ. ಸಾಕಾಗಿ ಹೋಗೇತಿ ನನಗ."

ಹೀಗೆ ಗೋಳಾಡುವುದಕ್ಕೆ ನಮ್ಮ ಕಡೆ ಜಂಬ ಕೊಚ್ಚುವುದು ಎನ್ನುತ್ತಾರೆ. ಪಂಕ್ತಿಗೆ ಪಂಕ್ತಿಯೇ "ಅಯ್ಯ ಪಾಪ" ಎಂದು ಮರುಗಿತು. ಒಬ್ಬರು ಕೈಯಲ್ಲಿದ್ದ ತುತ್ತನ್ನು ಅರ್ಧಕ್ಕೆ ನಿಲ್ಲಿಸಿ "ಹೆಂಗ ತಡಕೋತೀರಿ ನೀವು?" ಎಂದು ಕೇಳಿದರು. ಉಳವಪ್ಪನ ಕಷ್ಟವನ್ನು ಮಾತ್ರ ಯಾರೂ ಕೇಳಲಿಲ್ಲ. ಅವನ ಕಷ್ಟವೆಂದರೆ ಹೊಲದೊಳಗಿನ ಕರಿಕೆ, ಹತ್ತಿಗೆ ಬಿದ್ದ ಹುಳ. ಅವಕ್ಕೆ ಯಾವ ಸರ್ಟಿಫಿಕೇಟೂ ಇರುವುದಿಲ್ಲ.

"ನಮ್ಮನ್ಯಾಗೂ ಐತಿ," ಎಂದುಬಿಟ್ಟ ಉಳವಪ್ಪ.

"ಏನೈತ್ರಿ?"

"ಟಾಕಿ. ನೆಲದಾಗ. ಡೀಸೆಲ್ಲಿಂದು."

ಪಂಕ್ತಿ ಅವನ ಕಡೆ ತಿರುಗಿತು. ಆ ಒಂದು ತಿರುಗುವಿಕೆಯೇ ಅವನನ್ನು ಹಾಳು ಮಾಡಿತು ನೋಡಿ.

ಅವನು ಹೇಳಿದ್ದು ಶುದ್ಧ ಸುಳ್ಳೇನಲ್ಲ. ಉಳವಪ್ಪನ ಮನೆಯ ಮುಂದೆ ಅಜ್ಜನ ಕಾಲದ ಒಂದು ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ದೊಡ್ಡ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಸಣ್ಣದು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಜೋಳ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಈಗ ಊರಲ್ಲಿ ಯಾರೂ ತುಂಬುವುದಿಲ್ಲ. ಜೋಳ ಕಣದಿಂದ ನೆಟ್ಟಗೆ ಲಕ್ಷ್ಮೇಶ್ವರದ ಪೇಟೆಗೆ ಹೋಗುತ್ತದೆ. ಖಾಲಿ ಬಿದ್ದ ಹಗೇವಿನಲ್ಲಿ ಉಳವಪ್ಪ ಟ್ರ್ಯಾಕ್ಟರಿಗೆ ಬೇಕಾದ ನಾಲ್ಕು ಕ್ಯಾನು ಡೀಸೆಲ್, ಔಷಧ ಸಿಂಪಡಿಸುವ ಮಶೀನಿನ ಒಂದು ಕ್ಯಾನು ಪೆಟ್ರೋಲ್ ಇಟ್ಟಿದ್ದ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಗೆ ಹಗ್ಗ ಕಟ್ಟಿ ಕ್ಯಾನು ಇಳಿಸುವುದು, ಬೇಕಾದಾಗ ಕೊಕ್ಕೆ ಹಾಕಿ ಎತ್ತುವುದು. ಪಡಸಾಲೆಯಲ್ಲಿ ಇಡಬಹುದಿತ್ತು, ಆದರೆ ಹೆಂಡತಿ ಸುಮಿತ್ರವ್ವ ವಾಸನೆ ಬರುತ್ತದೆಂದು ಕ್ಯಾನುಗಳ ಸಮೇತ ಗಂಡನನ್ನೂ ಹೊರಗೆ ಹಾಕುವವಳಿದ್ದಳು.

ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಕೇಳಿದಳು, "ನಿಮಗ ಖರೇನ ತಲಿ ಕೆಟ್ಟೈತೇನ್ರಿ? ಹಗೇವಿಗೆ ಟಾಕಿ ಅಂತಾರೇನು?"

"ನೆಲದಾಗ ಐತೋ ಇಲ್ಲೋ?"

"ಐತಿ."

"ಡೀಸೆಲ್ ಐತೋ ಇಲ್ಲೋ?"

"ಐತಿ."

"ಮತ್ತ?" ಎಂದು ಉಳವಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತ. ವಾದದಲ್ಲಿ ಹೆಂಡತಿಯನ್ನು ಸೋಲಿಸಿದ್ದು ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅದೇ ಮೊದಲು. ಅದೂ ಅವನ ತಲೆಗೇರಿತು.

ಮರುದಿನವೇ ಲಕ್ಷ್ಮೇಶ್ವರದ ಕಂಪ್ಯೂಟರ್ ಅಂಗಡಿಗೆ ಹೋದ. ಅಲ್ಲಿ ಅರ್ಜಿ ತುಂಬುವ ಹುಡುಗಿ ಅಂಕಿತಾ. ಆಧಾರ್ ಕಾರ್ಡಿನಿಂದ ಹಿಡಿದು ಬೆಳೆವಿಮೆಯವರೆಗೆ ಇಡೀ ತಾಲೂಕಿನ ಹಣೆಬರಹವನ್ನು ತುಂಬುವ ಆ ಹುಡುಗಿಗೆ ಯಾವ ಅರ್ಜಿಯೂ ಹೊಸದಲ್ಲ, ಯಾವ ಉತ್ತರಕ್ಕೂ ಅವಳು ಹುಬ್ಬು ಏರಿಸುವುದಿಲ್ಲ.

"ಟಾಕಿ ಎಷ್ಟರದು ಅಂಕಲ್?"

"ನಲವತ್ತು ಚೀಲದ್ದವ್ವಾ."

"ಇದು ಲೀಟರ್ ಕೇಳತೈತಿ. ಚೀಲಕ್ಕ ನೂರು ಹಿಡೀಲೇನು? ನಾಕು ಸಾವಿರ. ಯಾವ ವರ್ಷ ಕೂರಿಸಿದ್ದು?"

"ನಮ್ಮಜ್ಜ ತೋಡ್ಸಿದ್ದು. ಎಪ್ಪತ್ತು ವರ್ಷದ ಮ್ಯಾಲಾತು."

"ಗೋಡಿ ಒಂದ ಪದರದ್ದೋ, ಎರಡ ಪದರದ್ದೋ?"

ಉಳವಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಸೆಗಣಿ ಸಾರಿಸಿದ್ದೊಂದು, ಅದರ ಮ್ಯಾಲೆ ಜ್ವಾಳದ ದಂಟಿನ ಕಣಿಕಿ ಒಂದು. ಎರಡು."

"ಎರಡು," ಎಂದು ಅಂಕಿತಾ ಒತ್ತಿದಳು. "ಸೋರಿಕಿ?"

"ಏನ ಕೇಳ್ತಿಯವ್ವಾ! ಎಪ್ಪತ್ತು ವರ್ಷದಾಗ ಒಂದ ಕಾಳು ಸೋರಿಲ್ಲ."

"ಇಲ್ಲ," ಎಂದು ಒತ್ತಿದಳು. "ಮಾಲಕರು ನೀವು. ಹೊಣೆಗಾರ ವ್ಯಕ್ತಿ ಅಂತ ಬ್ಯಾರೆ ಒಂದು ಹೆಸರು ಕೇಳತೈತಿ."

"ಹೊಣೆ ಅಂದ್ರ? ಏನಾರ ಆದ್ರ ಬೈಸಿಕೊಳ್ಳಾವ್ರೇನು?"

"ಹೂಂನ್ರಿ."

"ಹಂಗಾದ್ರ ಸುಮಿತ್ರವ್ವ ಅಂತ ಬರಿ."

ಹಾಗೆ, ಒಂದೂ ಸುಳ್ಳು ಹೇಳದೆ, ಉಳವಪ್ಪ ಸರಕಾರದ ಕಂಪ್ಯೂಟರಿನಲ್ಲಿ ನಾಲ್ಕು ಸಾವಿರ ಲೀಟರಿನ ಎರಡು ಗೋಡೆಯ ಭೂಗತ ಟಾಕಿಯ ಮಾಲಕನಾದ. ಹನ್ನೊಂದು ಅಂಕಿಗಳ ನಂಬರು ಬಂತು. ಅದನ್ನು ಪ್ಲಾಸ್ಟಿಕ್ ಮಾಡಿಸಿ ದೇವರ ಜಗಲಿಯ ಮೇಲೆ ಫೋಟೋಗಳ ಸಾಲಿನಲ್ಲಿ ಇಟ್ಟ.

ಹತ್ತು ದಿನಕ್ಕೆ ಇಲಾಖೆಯಿಂದ ದಪ್ಪನೆಯ ಲಕೋಟೆ ಬಂತು. ಮೇಲೆ ಪತ್ರ, ಒಳಗೆ ಹನ್ನೆರಡು ಪುಟದ ಸೂಚನೆ ಪುಸ್ತಕ. ಎಚ್ಚರಿಕೆಯ ಬೋರ್ಡು ಹಾಕಬೇಕು. ಮೂರು ಕೆಂಪು ಬಕೆಟ್ಟುಗಳಲ್ಲಿ ಉಸುಕು ಇಡಬೇಕು. ಟಾಕಿಯ ಉಸಿರು ಹೊರಹೋಗಲು ಎತ್ತರದ ಕೊಳವೆ ನಿಲ್ಲಿಸಬೇಕು. ದಿನಾ ಒಳಗಿನ ಮಟ್ಟ ನೋಡಿ ರಜಿಸ್ಟರಿನಲ್ಲಿ ಬರೆಯಬೇಕು. ತಿಂಗಳ ಕೊನೆಯ ಗುರುವಾರ ಅಧಿಕಾರಿಗಳು ಬಂದು ನೋಡುತ್ತಾರೆ. ಎಲ್ಲ ಸರಿಯಿದ್ದರೆ ಪ್ರಮಾಣಪತ್ರ. ಸರಿ ಇಲ್ಲದಿದ್ದರೆ ಟಾಕಿಯ ತುಂಬ ಮರಳು ತುಂಬಿ ಕಾಯಂ ಆಗಿ ಮುಚ್ಚಲಾಗುವುದು.

"ಅಯ್ಯ ಶಿವನ," ಎಂದಳು ಸುಮಿತ್ರವ್ವ. "ಅಜ್ಜನ ಹಗೇವು ಮುಚ್ಚಿಸಿ ಕುಂಡ್ರತೀರಿ ನೀವು. ಹೋಗಿ ತಪ್ಪಾತು ಅಂತ ಹೇಳಿ ಬರ್ರಿ."

"ಪ್ರಭುಲಿಂಗ ಅವತ್ತ ಬರ್ತೀನಂದಾನ," ಎಂದ ಉಳವಪ್ಪ. ಅಷ್ಟೇ ಅವನ ಉತ್ತರ. ಆ ಗುರುವಾರ ಪ್ರಮಾಣಪತ್ರ ಬಂದರೆ ಮುಂದಿನ ಪಂಕ್ತಿಯಲ್ಲಿ ಗೋಳಾಡುವ ಹಕ್ಕು ಅವನಿಗೂ ಬರುತ್ತದೆ. ಬರದಿದ್ದರೆ ಅಜ್ಜನ ಹಗೇವು ಹೋಗುತ್ತದೆ, ಅದೂ ಪ್ರಭುಲಿಂಗನ ಕಣ್ಣೆದುರಿಗೆ.

ಬೋರ್ಡು ಬರೆಯಲು ಲಕ್ಷ್ಮೇಶ್ವರದಿಂದ ಪೇಂಟರ್ ಶಫೀಕ ಬಂದ. "ಅಪಾಯ ಅನ್ನೂದು ದೊಡ್ಡ ಅಕ್ಷರದಾಗ ಬರೀಬೇಕಲ್ರಿ?" ಎಂದು ಕೇಳಿದ.

"ಅಪಾಯ ಎಲ್ಲಾರಿಗೂ ಗೊತ್ತಿರತೈತಪಾ. ಮಾಲಕ ಯಾರಂತ ಗೊತ್ತಾಗಬೇಕು."

ಶಫೀಕ ಕುಶಲ ಕೆಲಸಗಾರ, ಗಿರಾಕಿಯ ಮಾತು ಮೀರುವವನಲ್ಲ. ಬೋರ್ಡಿನ ಮುಕ್ಕಾಲು ಪಾಲು 'ಮಾಲಕರು: ಉಳವಪ್ಪ' ಎಂದು ನಿಂತಿತು. ಉಳಿದ ಕಾಲು ಪಾಲಿನಲ್ಲಿ 'ಅಪಾಯ, ಭೂಗತ ಟಾಕಿ, ಇಲ್ಲಿ ಬೀಡಿ ಸೇದಬಾರದು, ಬೆಂಕಿ ತರಬಾರದು' ಎಲ್ಲ ಒಂದರ ಮೈಮೇಲೊಂದು ಬಿದ್ದುಕೊಂಡವು.

ಹನ್ನೆರಡು ಅಡಿಯ ಪ್ಲಾಸ್ಟಿಕ್ ಕೊಳವೆ ಹಗೇವಿನ ಕಲ್ಲಿನ ಪಕ್ಕಕ್ಕೆ ನಿಂತಿತು. ಸುಮಿತ್ರವ್ವ ಎರಡನೆಯ ದಿನವೇ ಅದಕ್ಕೂ ಬೇವಿನ ಮರಕ್ಕೂ ಹಗ್ಗ ಕಟ್ಟಿ ಸೀರೆ ಒಣಹಾಕಿದಳು. ಪಕ್ಕದ ಮನೆಯ ಅಮೃತವ್ವ ಅದನ್ನೆಲ್ಲ ನೋಡಿ, ತನಗೆ ತಿಳಿದಂತೆ ಅರ್ಥ ಮಾಡಿಕೊಂಡು, ಓಣಿಯಲ್ಲಿ ಖಬರು ಹಬ್ಬಿಸಿದಳು: ಉಳವಪ್ಪ ಮನೆ ಮುಂದೆ ಬಂಕ್ ತೆಗೆಯುತ್ತಾನಂತೆ. ಮರುದಿನ ಮುಂಜಾನೆ ಏಳು ಗಂಟೆಗೆ ಮನೆ ಮುಂದೆ ಹನ್ನೊಂದು ಬೈಕುಗಳು ಸಾಲಾಗಿ ನಿಂತಿದ್ದವು. ಅಡರಕಟ್ಟಿಯ ಜನ ಸಾಲಿನಲ್ಲಿ ಜಗಳವಾಡದೆ ನಿಂತಿದ್ದು ಅದೊಂದೇ ಸಲ. ಉಳವಪ್ಪ ಒಬ್ಬೊಬ್ಬರಿಗೂ "ಇನ್ನೂ ಸರ್ಟಿಫಿಕೇಟ್ ಬಂದಿಲ್ಲ" ಎಂದು ಹೇಳಿ ಕಳಿಸಿದ. ಬಂಕ್ ಇಲ್ಲ ಎಂದು ಮಾತ್ರ ಒಬ್ಬರಿಗೂ ಹೇಳಲಿಲ್ಲ.

ಬೋರ್ಡಿನಿಂದ ನಿಜವಾಗಿ ಪೆಟ್ಟು ಬಿದ್ದದ್ದು ಹುಚ್ಚೀರಪ್ಪನಿಗೆ. ಎಪ್ಪತ್ತಮೂರು ವರ್ಷದ ಹುಚ್ಚೀರಪ್ಪ ಆ ಊರಿನಲ್ಲಿ ಹಗೇವಿಗೆ ಇಳಿಯುವ ಕಸುಬು ಬಲ್ಲ ಕೊನೆಯ ಮನುಷ್ಯ. ಕೆಲಸವಿಲ್ಲದಾದ ಮೇಲೆ ಉಳವಪ್ಪನ ಹಗೇವಿನ ಪಕ್ಕದ ಕಟ್ಟೆಯೇ ಅವನ ಸಂಸ್ಥಾನ. ಮುಂಜಾನೆ ಬಂದು ಕುಳಿತು ಬೀಡಿ ಹಚ್ಚಿದರೆ ಮಧ್ಯಾಹ್ನದ ರೊಟ್ಟಿಯವರೆಗೆ ಅಲ್ಲೇ.

"ಇದೇನಲೇ ಉಳವ್ಯಾ?"

"ಬೋರ್ಡ್ ಕಾಕಾ."

"ಅದು ಕಾಣತೈತಿ. ಏನ ಬರಸಿ?"

"ಇಲ್ಲಿ ಯಾರೂ ಬೀಡಿ ಸೇದಬಾರದು ಅಂತ."

"ಈ ಕಟ್ಟಿ ಮ್ಯಾಲೆ ಬೀಡಿ ಸೇದಾವ ಇಡೀ ಊರಾಗ ನಾನೊಬ್ಬನ," ಎಂದ ಹುಚ್ಚೀರಪ್ಪ. "ಯಾರೂ ಅಂದ್ರ ನಾನ ಆತಲ್ಲ? ಹುಚ್ಚೀರಪ್ಪ ಬರಬ್ಯಾಡ ಅಂತ ನೆಟ್ಟಗ ಬರಸಬೇಕಿತ್ತು. ಬಣ್ಣ ಉಳೀತಿತ್ತು."

"ಹಂಗಲ್ಲ ಕಾಕಾ, ಸರಕಾರದ ಕಾನೂನು..."

"ನಿಮ್ಮಪ್ಪ ಇದ್ದಾಗ ನಾ ಈ ಹಗೇವಿನ್ಯಾಗ ಎಷ್ಟ ಸಲ ಇಳದೀನಿ, ಗೊತ್ತೈತೇನು? ಅವಾಗ ಕಾನೂನು ಎಲ್ಲಿ ಮಲಗಿತ್ತು?" ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಅವನು ಎದ್ದ. ಊರ ನಡುವಿನ ಚನ್ನಬಸವಣ್ಣನ ಕಿರಾಣಿ ಅಂಗಡಿಯ ಮುಂದೆ ಹೋಗಿ ಕುಳಿತವನು ಹದಿನಾಲ್ಕು ದಿನ ಈ ಕಡೆ ಸುಳಿಯಲಿಲ್ಲ.

ಉಳವಪ್ಪ ದಿನಾ ಮುಂಜಾನೆ ರಜಿಸ್ಟರು ಹಿಡಿದು ಕಟ್ಟೆಗೆ ಬರುತ್ತಿದ್ದ. 'ಮಟ್ಟ: ಐದು ಕ್ಯಾನು. ಸೋರಿಕೆ: ಇಲ್ಲ. ಷರಾ:' ಎಂದು ಬರೆದು ಷರಾದ ಜಾಗವನ್ನು ಖಾಲಿ ಬಿಡುತ್ತಿದ್ದ. ಬಣಬಣ ಎನ್ನುವ ಕಟ್ಟೆಯನ್ನೊಮ್ಮೆ ನೋಡಿ ಒಳಗೆ ಹೋಗುತ್ತಿದ್ದ. ಚಹಾ ಸೇರುತ್ತಿರಲಿಲ್ಲ.

ಈ ನಡುವೆ ಹನ್ನೆರಡು ಪುಟದ ಪುಸ್ತಕವನ್ನು ಪೂರಾ ಓದಿದವಳು ಸುಮಿತ್ರವ್ವ ಒಬ್ಬಳೇ. ಏಳನೆಯ ತರಗತಿಯವರೆಗೆ ಕಲಿತ ಆಕೆಗೆ ಮಿರ್ಚಿ ಕಟ್ಟಿಕೊಟ್ಟ ಪೇಪರಿನ ತುಂಡನ್ನೂ ಬಿಡದೆ ಓದುವ ಚಟ. ಮೇಲಾಗಿ ಪುಸ್ತಕದ ಮೊದಲ ಪುಟದಲ್ಲೇ 'ಹೊಣೆಗಾರ ವ್ಯಕ್ತಿ: ಶ್ರೀಮತಿ ಸುಮಿತ್ರವ್ವ' ಎಂದು ಅಚ್ಚಾಗಿತ್ತು. ತನ್ನ ಹೆಸರು ಅಚ್ಚಾದದ್ದನ್ನು ಆಕೆ ನೋಡಿದ್ದು ಲಗ್ನಪತ್ರಿಕೆಯ ನಂತರ ಇದೇ ಮೊದಲು.

"ರೀ, ಇಲ್ಲಿ ಕೇಳ್ರಿ, ಒಂಬತ್ತನೇ ಪುಟ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ ಇರತೈತಂತ. ತೆಗ್ಗಿನ್ಯಾಗ ಹೋಗಿ ಕುಂಡ್ರತೈತಂತ. ಕಣ್ಣಿಗೆ ಕಾಣೂದಿಲ್ಲಂತ. ಆ ಮಶೀನಿನ ಕ್ಯಾನಿನ ಬೂಚು ಒಡದೈತಲ್ಲ?"

"ಅದಕ್ಕ ಗೋವಿನಜ್ವಾಳದ ಬೆಂಡು ತುರುಕೀನಿ."

"ತಗದ ಬಿಡ್ರಿ ಅದನ್ನ."

"ತಗದ್ರ ಟಾಕ್ಯಾಗ ಏನ ತೋರಸ್ಲಿ ಸಾಹೇಬ್ರಿಗೆ? ಖಾಲಿ ಟಾಕಿಗೆ ಯಾರ ಕೊಡತಾರ ಸರ್ಟಿಫಿಕೇಟು?" ಎಂದು ಉಳವಪ್ಪ, ಟಾಕಿ ತುಂಬಿದ ಹಾಗೆ ಕಾಣಲಿ ಎಂದು ಅದೇ ಕ್ಯಾನಿನ ಕಂಠದ ಮಟ ಪೆಟ್ರೋಲ್ ತುಂಬಿಸಿ ತಂದು, ಬೆಂಡು ತುರುಕಿ ಮತ್ತೆ ಇಳಿಸಿದ.

ಗುರುವಾರ ಬಂತು. ಬಿಸಿಲು ಹೆಂಚಿನಂತೆ ಕಾದಿತ್ತು. ಹನ್ನೊಂದೂವರೆಗೆ ಜೀಪಿನಿಂದ ಇಳಿದ ಅಧಿಕಾರಿ ಮೂವತ್ತು ದಾಟದ ಹೆಣ್ಣುಮಗಳು, ಹೆಸರು ದ್ರಾಕ್ಷಾಯಣಿ. ಬೆಟಗೇರಿಯ ನೇಕಾರರ ಮನೆಯವರು. ಓಣಿಗೆ ಓಣಿಯೇ ನೆರೆದಿತ್ತು. ಪ್ರಭುಲಿಂಗ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೂರು ಹೆಜ್ಜೆ ದೂರ ನಿಂತು, ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡಿಕೊಳ್ಳುತ್ತಿದ್ದ.

"ಬಂಕ್ ಎಲ್ಲೈತ್ರಿ?" ಎಂದು ಕೇಳಿದರು ದ್ರಾಕ್ಷಾಯಣಿ.

"ಇದ ರೀ ಮೇಡಮ್ಮಾರ."

"ಇದು ಮನಿ."

"ಹೌದ್ರಿ. ಮನಿ ಮುಂದ ಐತ್ರಿ ಟಾಕಿ."

ಅವರು ಸೆಗಣಿ ಸಾರಿಸಿದ ಅಂಗಳ ನೋಡಿದರು. ಕೊಳವೆಗೆ ಕಟ್ಟಿದ ಹಗ್ಗದ ಮೇಲೆ ಒಣಗುತ್ತಿದ್ದ ಇಳಕಲ್ಲ ಸೀರೆ ನೋಡಿದರು. ಕೈಯಲ್ಲಿದ್ದ ಕಾಗದ ನೋಡಿದರು. "ಎರಡ ಪದರದ ಗೋಡಿ, ಎಪ್ಪತ್ತು ವರ್ಷದಾಗ ಸೋರಿಕಿ ಇಲ್ಲ ಅಂತ ಬರಸೀರಿ. ನಮ್ಮ ಸಾಹೇಬ್ರು ಖುಷಿ ಆಗಿ, ಫೋಟೋ ತಗೊಂಡ ಬಾ, ಜಿಲ್ಲೆದಾಗಿನ ಎಲ್ಲಾ ಬಂಕಿನವರಿಗೂ ತೋರಸೂಣು ಅಂದಾರ."

ಪ್ರಭುಲಿಂಗನ ಕೈಯಲ್ಲಿನ ಮೊಬೈಲು ಒಂದು ಸಲ ಅಲುಗಿತು. ಉಳವಪ್ಪನ ಎದೆ ಉಬ್ಬಿತು. "ಒಂದ ಕಾಳು ಸೋರಿಲ್ರಿ," ಎಂದ.

"ಕಾಳು?"

ದ್ರಾಕ್ಷಾಯಣಿ ಮುಚ್ಚಿದ ಕಲ್ಲಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತರು. ಸುತ್ತಲ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರ ತುಟಿ ಒಂದು ಕಡೆ ಜಗ್ಗಿತು. ನಗು ಬಂದದ್ದನ್ನು ಸರಕಾರಿ ನೌಕರಿ ತಡೆಯಿತು. "ನಮ್ಮಜ್ಜಿ ಊರು ಕೋಟುಮಚಗಿ ರೀ. ಇಂಥಾವು ನೋಡೇನಿ ನಾನು. ಇದು ಹಗೇವು ಅಲ್ಲೇನು?"

"ಹಗೇವೂ ಹೌದ್ರಿ," ಎಂದ ಉಳವಪ್ಪ, ಸಣ್ಣ ದನಿಯಲ್ಲಿ.

"ಇದರಾಗ ಇಂಧನ ಇಟ್ಟೀರಿ?"

"ನಾಕು ಕ್ಯಾನು ಡೀಸೆಲ್ರಿ, ಒಂದು ಪೆಟ್ರೋಲ್ರಿ."

ನಗು ಎಲ್ಲಿತ್ತೋ ಅಲ್ಲೇ ಆರಿಹೋಯಿತು. "ಒಳಗ ನೋಡಬೇಕು. ತಡೀರಿ, ಜೀಪಿನ್ಯಾಗ ಆವಿ ನೋಡೂ ಮಶೀನ್ ಐತಿ, ತರತೀನಿ," ಎಂದು ಅವರು ಎದ್ದು ಓಣಿಯ ಬಾಯಿಯತ್ತ ನಡೆದರು.

'ಒಳಗೆ ನೋಡಬೇಕು' ಎಂಬ ಮಾತು ಜನರ ಬಾಯಿಂದ ಬಾಯಿಗೆ ಹಾರಿ ಅರೆನಿಮಿಷದಲ್ಲಿ ಚನ್ನಬಸವಣ್ಣನ ಅಂಗಡಿ ಮುಟ್ಟಿತು. ಹಗೇವಿಗೆ ಇಳಿಯಬೇಕೆಂದರೆ ಊರಿಗೆ ಒಬ್ಬನೇ. ಹುಚ್ಚೀರಪ್ಪ ಬಂದ. ಹದಿನಾಲ್ಕು ದಿನಗಳ ಸಿಟ್ಟನ್ನು ಮುಖದ ಮೇಲಿಟ್ಟುಕೊಂಡೇ, ಬೋರ್ಡಿನ ಕಡೆ ಬೆನ್ನು ಮಾಡಿಕೊಂಡೇ ಬಂದ. ಬಾಯಲ್ಲಿ ಬೀಡಿ ಇರಲಿಲ್ಲ. ಮರ್ಯಾದೆ ಬಲ್ಲ ಮನುಷ್ಯ. ಆದರೆ ಕೈಯಲ್ಲಿ ಅವನ ಹಳೆಯ ಕಂದೀಲು ಇತ್ತು, ಹೊತ್ತಿಸಿದ್ದು, ಗಾಜಿನ ಚಿಮಣಿ ಒಡೆದದ್ದು, ಹಿಡಿಕೆಗೆ ಹಗ್ಗ ಕಟ್ಟಿದ್ದು. ಹಗೇವು ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗೆ ಕೆಟ್ಟ ಗಾಳಿ ಇರುತ್ತದೆ. ಮೊದಲು ದೀಪ ಇಳಿಸಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಇದು ಹುಚ್ಚೀರಪ್ಪನ ಕ್ರಮ, ಐವತ್ತು ವರ್ಷದಿಂದ.

"ಸರೀರಿ ಎಲ್ಲಾರೂ," ಎಂದು ಅವನು ಮಣ್ಣು ಕೆತ್ತಿ ಕಲ್ಲು ಸರಿಸಿದ. ಒಳಗಿನಿಂದ ಬಂದ ವಾಸನೆಗೆ ಮೂಗು ಹಿಂಡಿಕೊಂಡು, "ಥೂ, ಏನ ಇಟ್ಟೀಯೋ ಉಳವ್ಯಾ," ಎಂದು ಬೈಯುತ್ತ ಹಗ್ಗ ಹಿಡಿದು ಕಂದೀಲನ್ನು ಬಾಯಿಯ ಮೇಲೆ ತಂದ. ಉಳವಪ್ಪ ಪಕ್ಕಕ್ಕೆ ನಿಂತಿದ್ದ. ಕಾಕಾ ಬಂದನಲ್ಲ ಎಂಬ ಸಂತೋಷದಲ್ಲಿ ಅವನಿಗೆ ಬೇರೇನೂ ತಿಳಿಯಲಿಲ್ಲ. ದಿನಾ ಪೆಟ್ರೋಲಿನ ನಡುವೆ ಬದುಕುವ ಪ್ರಭುಲಿಂಗನಿಗೆ ತಿಳಿಯಬೇಕಿತ್ತು. ಅವನು ವಿಡಿಯೋ ಮಾಡುತ್ತಿದ್ದ.

ಅದೇ ಹೊತ್ತಿಗೆ ಸುಮಿತ್ರವ್ವ ಚಹಾದ ತಾಟು ಹಿಡಿದು ಹೊಸ್ತಿಲಿಗೆ ಬಂದಳು. ಕಂದೀಲು ನೋಡಿದಳು. ಕೆಳಗಿನ ಕರಿ ಬಾಯಿ ನೋಡಿದಳು. ತಾಟು ಅಲ್ಲೇ ಬಿತ್ತು. ಎಂಟು ಕಪ್ಪುಗಳು ಒಡೆದ ಸದ್ದು ನಿಲ್ಲುವ ಮೊದಲೇ ಆಕೆ ಮೊದಲ ಕೆಂಪು ಬಕೆಟ್ಟನ್ನು ಎತ್ತಿ, ಇಡೀ ಉಸುಕನ್ನು ಕಂದೀಲಿನ ಮೇಲೂ ಹುಚ್ಚೀರಪ್ಪನ ಮೇಲೂ ಸುರಿದುಬಿಟ್ಟಿದ್ದಳು. ಸಾಲದೆಂಬಂತೆ ಎರಡನೆಯ ಬಕೆಟ್ಟನ್ನೂ ಸುರಿದಳು.

ದೀಪ ಆರಿತು. ಉಸುಕಿನ ಗುಡ್ಡೆಯೊಳಗಿಂದ ಮೊದಲು ಒಂದು ಮೀಸೆ ಕಾಣಿಸಿತು, ಆಮೇಲೆ ಎರಡು ಕಣ್ಣು.

"ಯವ್ವಾ ಸುಮಿತ್ರವ್ವ," ಎಂದ ಹುಚ್ಚೀರಪ್ಪ, ಬಾಯೊಳಗಿನ ಉಸುಕು ಉಗುಳುತ್ತ. "ಮಣ್ಣು ಹಾಕೂ ಮುಂದ, ಮನಶಾ ಸತ್ತಾನೋ ಇಲ್ಲೋ ಅಂತ ಒಂದ ಸಲ ನೋಡಬೇಕಬೇ."

ಓಣಿ ಹೋ ಎಂದು ನಕ್ಕಿತು. ಸುಮಿತ್ರವ್ವ ನಗಲಿಲ್ಲ, ಮೂರನೆಯ ಬಕೆಟ್ಟನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ಒಂಬತ್ತನೇ ಪುಟದಾಗ ಐತ್ರಿ ಕಾಕಾರ," ಎಂದಳು. "ಒಂಬತ್ತನೇ ಪುಟದಾಗ ಬರದೈತಿ."

ದ್ರಾಕ್ಷಾಯಣಿ ಓಡುತ್ತ ಬಂದರು. ಕೈಯಲ್ಲಿ ರೇಡಿಯೋದಷ್ಟು ಸಣ್ಣ ಯಂತ್ರ. ಅದರ ನಳಿಕೆಯನ್ನು ಹಗೇವಿನ ಬಾಯೊಳಗೆ ಒಂದು ಗೇಣು ಇಳಿಸಿದರೋ ಇಲ್ಲವೋ, ಯಂತ್ರ ಕಿರ್ರೆಂದು ಕಿರುಚಿಕೊಂಡಿತು. ಅವರು ಎಲ್ಲರನ್ನೂ ಬೇವಿನ ಮರದ ಆಚೆಗೆ ಅಟ್ಟಿದರು.

"ಇನ್ನೊಂದು ಮಾರು ದೀಪ ಇಳದಿದ್ರ," ಎಂದು ಶುರುಮಾಡಿ, ಹುಚ್ಚೀರಪ್ಪನ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದರು. ಉಳಿದದ್ದು ಎಲ್ಲರಿಗೂ ತಿಳಿಯಿತು. ನಗುತ್ತಿದ್ದ ಓಣಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಪ್ರಭುಲಿಂಗ ಮೊಬೈಲನ್ನು ಕಿಸೆಗೆ ಹಾಕಿದ.

ಹುಚ್ಚೀರಪ್ಪ ಕಂದೀಲನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕುಳಿತುಬಿಟ್ಟ. ಅಂಗೈಯಿಂದ ಅದರ ಉಸುಕು ಒರೆಸುತ್ತ ಹೇಳಿದ, "ನಮ್ಮಣ್ಣ ಹಗೇವಿನ್ಯಾಗ ಇಳದಾವ ಮ್ಯಾಲೆ ಬರಲಿಲ್ರಿ ಮೇಡಮ್ಮಾರ. ಇಪ್ಪತ್ತೆರಡು ವರ್ಷದಾವ. ಹಗ್ಗ ನಾನ ಹಿಡದಿದ್ದೆ. ಕೂಗಿದ್ರ ಓ ಅನಲಿಲ್ಲ. ಅವತ್ತಿನಿಂದ ದೀಪ ಇಳಸದ ಒಬ್ಬನ್ನೂ ಇಳಸಿಲ್ಲ ನಾನು. ಯಾವ ಗೌಡ ಬೈದ್ರೂ ಇಳಸಿಲ್ಲ. ನನಗ ಇದ ಕಾನೂನು." ಒಡೆದ ಚಿಮಣಿಯ ಮೇಲೆ ಬೆರಳಾಡಿಸಿದ. "ಇದ ದೀಪ ಇವತ್ತ ಇಷ್ಟು ಮಂದೀನ..."

"ನಂದೂ ಅದ ಕಾನೂನು ಅಜ್ಜಾರ," ಎಂದರು ದ್ರಾಕ್ಷಾಯಣಿ, ಅವನ ಎದುರಿಗೆ ಕುಳಿತು. "ನಿಮ್ಮದು ದೀಪ ಇಳಸು ಅಂತೈತಿ, ನಮ್ಮದು ಬ್ಯಾಡ ಅಂತೈತಿ. ಇಳದಾವ ಮ್ಯಾಲೆ ಬರಬೇಕು ಅಂತ ಎರಡೂ ಕಡೆ ಐತಿ. ಜ್ವಾಳ ಇದ್ದಲ್ಲಿ ನಿಮ್ಮದು ನಡೀಲಿ, ಪೆಟ್ರೋಲ್ ಇದ್ದಲ್ಲಿ ನಮ್ಮದು."

ಆಮೇಲೆ ಅವರು ಉಳವಪ್ಪನ ಕಡೆ ತಿರುಗಿದರು. "ಈಗ ನೀವು ಹೇಳ್ರಿ. ಇದು ಟಾಕಿ ಅಂದ್ರ ಇವತ್ತ ಮರಳು ತುಂಬಸತೀನಿ. ಹಗೇವು ಅಂದ್ರ ಕ್ಯಾನು ಹೊರಗ ಹೋಗಬೇಕು, ಸರ್ಟಿಫಿಕೇಟು ಇಲ್ಲ. ಏನ ಬರಕೊಳ್ಳಿ?"

ಇಡೀ ಓಣಿ ಅವನನ್ನು ನೋಡುತ್ತಿತ್ತು. ಪ್ರಭುಲಿಂಗನೂ ನೋಡುತ್ತಿದ್ದ. ಉಳವಪ್ಪ ನೋಡಿದ್ದು ಮೈಯೆಲ್ಲ ಉಸುಕಾಗಿ ಕುಳಿತ ಹುಚ್ಚೀರಪ್ಪನನ್ನು. ಮುಕ್ಕಾಲು ಬೋರ್ಡಿನ ತುಂಬ ನಿಂತ ತನ್ನ ಹೆಸರನ್ನು ನೋಡಲು ಅವನಿಗೆ ನಾಚಿಕೆಯಾಯಿತು.

"ನಂದು ಟಾಕಿ ಅಲ್ರಿ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಹಗೇವು. ನಮ್ಮಜ್ಜಂದು. ನಾ ಸುಮ್ನ ದೊಡ್ಡಸ್ತಿಕಿಗೆ ಹೇಳಿದೆ. ತಪ್ಪಾತು ಕಾಕಾ."

"ಆತೇಳಲೇ," ಎಂದ ಹುಚ್ಚೀರಪ್ಪ. "ಮೊದಲ ನನ್ನ ಕಿವಿಯಾಗಿನ ಉಸುಕು ತಗಿ."

ಕ್ಯಾನುಗಳನ್ನು ತನ್ನ ಕಾರಿನಲ್ಲಿ ಒಯ್ಯುತ್ತೇನೆ ಎಂದು ಪ್ರಭುಲಿಂಗ ಮುಂದೆ ಬಂದ. ದ್ರಾಕ್ಷಾಯಣಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಂಕ್ ಮಾಲಕರು ನೀವ ಅಲ್ರಿ? ಪೆಟ್ರೋಲು ಕಾರಿನ್ಯಾಗ ಒಯ್ತೀರಿ? ನಾಳೆ ನಿಮ್ಮಲ್ಲೆ ಬರತೀನಿ ನಾನು." ಆ ದಿನ ಪ್ರಭುಲಿಂಗ ಊಟಕ್ಕೂ ನಿಲ್ಲದೆ ಗದಗ ಸೇರಿದ.

ಒಂದು ತೊಡಕು ಮಾತ್ರ ಉಳಿಯಿತು. ಕಂಪ್ಯೂಟರಿನಲ್ಲಿ ಒಮ್ಮೆ ಹುಟ್ಟಿದ ನಂಬರನ್ನು ಅಳಿಸಲು ಬರುವುದಿಲ್ಲವಂತೆ. ವರ್ಷದ ತನಕ ದಿನಾ ರಜಿಸ್ಟರು ಬರೆದು ತಿಂಗಳಿಗೊಮ್ಮೆ ಕಳಿಸಿದರೆ ಆಮೇಲೆ ರದ್ದು ಮಾಡಬಹುದು ಎಂದು ದ್ರಾಕ್ಷಾಯಣಿ ಹೇಳಿ ಹೋದರು. ಅಂದಿನಿಂದ ರಜಿಸ್ಟರು ಹೊಣೆಗಾರ ವ್ಯಕ್ತಿಯ ಕೈಗೆ ಹೋಯಿತು. ಶಫೀಕ ಮತ್ತೆ ಬಂದು ಮಾಲಕರ ಹೆಸರನ್ನು ಅಳಿಸಿ, ಅಪಾಯವನ್ನು ದೊಡ್ಡದಾಗಿ ಬರೆದು, ಬೋರ್ಡನ್ನು ಕ್ಯಾನುಗಳ ಜೊತೆ ಹೊಲದ ಮನೆಗೆ ಸಾಗಿಸಿದ. ಹುಚ್ಚೀರಪ್ಪ ಕಟ್ಟೆಗೆ ಮರಳಿದ.

ಹಗೇವು ಒಂದು ತಿಂಗಳು ಬಾಯಿ ತೆರೆದುಕೊಂಡು ಗಾಳಿ ಕುಡಿಯಿತು. ದ್ರಾಕ್ಷಾಯಣಿ ಇನ್ನೊಮ್ಮೆ ಬಂದು ಯಂತ್ರ ಇಳಿಸಿದಾಗ ಅದು ಮಿಸುಕಲಿಲ್ಲ. ಹಳೆಯ ಕಣಿಕೆ ತೆಗೆದು, ಹೊಸದಾಗಿ ಸಾರಿಸಿ, ಹೊಸ ಕಣಿಕೆ ಹೊಂದಿಸಿ, ಮನೆಯಲ್ಲಿದ್ದ ಎಂಟು ಚೀಲ ಜೋಳ ತುಂಬಿದರು. ಪಂಚಮಿಯ ಮುಂದೆ ಅರಳು ಹುರಿಯಲು ಜೋಳ ಬೇಕಾಯಿತು. ಹುಚ್ಚೀರಪ್ಪ ಕಲ್ಲು ಸರಿಸಿ, ಬಹಳ ಹೊತ್ತು ಬಿಟ್ಟು, ಕಂದೀಲು ಇಳಿಸಿದ. ಸುಮಿತ್ರವ್ವ ಕೆಂಪು ಬಕೆಟ್ಟು ಹಿಡಿದು ಪಕ್ಕಕ್ಕೇ ನಿಂತಿದ್ದಳು. "ಜ್ವಾಳಬೇ ಅದು," ಎಂದು ಹುಚ್ಚೀರಪ್ಪ ಎಷ್ಟು ಹೇಳಿದರೂ ಬಕೆಟ್ಟು ಕೆಳಗಿಡಲಿಲ್ಲ. ದೀಪ ಕಾಳಿನ ಮೇಲೆ ಹೋಗಿ ನಿಂತಿತು, ಆರಲಿಲ್ಲ. ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಉಳವಪ್ಪ ಇಳಿದ. ಹಗ್ಗದ ಇನ್ನೊಂದು ತುದಿ ಹುಚ್ಚೀರಪ್ಪನ ಕೈಯಲ್ಲಿತ್ತು. ಉಸಿರಿಗೊಮ್ಮೆ ಅವನು "ಉಳವ್ಯಾ" ಎಂದು ಕೂಗುತ್ತಿದ್ದ, ಒಳಗಿನಿಂದ ಪ್ರತಿ ಸಲವೂ "ಓ ಕಾಕಾ" ಎಂದು ಬರುತ್ತಿತ್ತು.

ಆ ತಿಂಗಳ ರಜಿಸ್ಟರು ಗದಗಿನ ಕಚೇರಿಗೆ ಹೋದಾಗ ಪಂಚಮಿಯ ಹಿಂದಿನ ದಿನದ ಸಾಲಿನಲ್ಲಿ ದುಂಡನೆಯ ಅಕ್ಷರಗಳಲ್ಲಿ ಹೀಗಿತ್ತು. ಮಟ್ಟ: ಏಳೂವರೆ ಚೀಲ. ಸೋರಿಕೆ: ಇಲ್ಲ. ಷರಾ: ಇಳಿದವರು ಒಬ್ಬರು, ಮೇಲೆ ಬಂದವರು ಒಬ್ಬರು.